ಪ್ಯೂನಣ್ಣ ತೋರಿಸಿದ ಅಪ್ಪ ಮೀನು

ಕಾರ್ಕಳಕ್ಕೆ ಹೊರಟಿದ್ದ ಬಸ್ಸು ಇನ್ನಂಜೆ ದಾಟಿ ನಿಂತಾಗ ಕಿಟಕಿಯೊಳಗೆ ಕೆಸರಿನ ವಾಸನೆ ನುಗ್ಗಿತು. ರಸ್ತೆಬದಿಯ ಕೆರೆಯಲ್ಲಿ ಜೆಸಿಬಿ ಹೂಳೆತ್ತುತ್ತಿತ್ತು. ಪಾಚಿ, ಕೊಳೆತ ಎಲೆ, ಮೀನು ಎಲ್ಲ ಸೇರಿದ ಹಸಿ ವಾಸನೆ. ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಮ್ಮ ಹೈಸ್ಕೂಲಿನ ಹಿಂದಿನ ಕೆರೆ, ಅದರ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಪ್ಯೂನಣ್ಣ ಕಣ್ಣ ಮುಂದೆ ಬಂದರು…

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಶಾಲೆಯ ಬೆಲ್ ಹೊಡೆಯುವುದು, ನೋಟಿಸು ತರುವುದು, ಬಾವಿಯಿಂದ ನೀರು ಸೇದಿಡುವುದು ಅವರ ಕೆಲಸ. ಮಕ್ಕಳಾದ ನಾವೆಲ್ಲ ಪ್ಯೂನಣ್ಣ ಎನ್ನುತ್ತಿದ್ದೆವು. ಅವರ ಒಬ್ಬಳೇ ಮಗಳು ಸುಮತಿ ನನ್ನ ಬೆಂಚಿನವಳು. ಅವಳಿಗೆ ಎರಡು ವರ್ಷವಾಗಿದ್ದಾಗ ತಾಯಿ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಅಡುಗೆ, ಬಟ್ಟೆ ಒಗೆತ, ಜ್ವರ ಬಂದಾಗ ಕಷಾಯ, ಎಲ್ಲ ಅಪ್ಪನದೇ. ಬೆಳಿಗ್ಗೆ ಬೆಲ್ ಹೊಡೆಯುವ ಮೊದಲು ಶಾಲೆಯ ಮೆಟ್ಟಿಲಲ್ಲಿ ಮಗಳನ್ನು ಕೂರಿಸಿ ಎರಡು ಜಡೆ ಹೆಣೆಯುತ್ತಿದ್ದರು. ನನ್ನ ಅಮ್ಮ ಹಾಕಿದ ಜಡೆ ಮಧ್ಯಾಹ್ನಕ್ಕೆ ಬಿಚ್ಚುತ್ತಿತ್ತು. ಅವರು ಹಾಕಿದ್ದು ಸಂಜೆಯವರೆಗೂ ಅಲುಗುತ್ತಿರಲಿಲ್ಲ.

ನಾವು ಎಂಟನೆಯಲ್ಲಿದ್ದಾಗ ಉಡುಪಿಯಿಂದ ಹೊಸ ವಿಜ್ಞಾನ ಮಾಸ್ತರರು ಬಂದರು. ಜುಲೈ ತಿಂಗಳ ಒಂದು ದಿನ, ಪ್ರಾಣಿಗಳು ಮರಿಗಳನ್ನು ಹೇಗೆ ಸಾಕುತ್ತವೆ ಎಂಬ ಪಾಠ. ಹಸು, ಬೆಕ್ಕು, ಕೋಳಿ ಎಲ್ಲ ಆಯಿತು. “ಮೀನಿಗೆ ಇದೆಲ್ಲ ಗೊತ್ತಿಲ್ಲ. ಮೊಟ್ಟೆ ಇಡುತ್ತದೆ, ಹೋಗುತ್ತದೆ” ಎಂದರು.

ಸುಮತಿ ಎದ್ದು ನಿಂತಳು. “ನಮ್ಮ ಕೆರೆಯ ಮಡೆಂಜಿ ಮೀನು ಮರಿ ಸಾಕ್ತದೆ ಸಾರ್. ಅಪ್ಪ ಮೀನು ಕಾಯುವುದು.”

“ಯಾರು ಹೇಳಿದ್ದು?”

“ನನ್ನ ಅಪ್ಪ.”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅದೇ ಹೊತ್ತಿಗೆ ನೋಟಿಸು ಪುಸ್ತಕ ಹಿಡಿದು ಪ್ಯೂನಣ್ಣ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಮಾಸ್ತರರು ಮಾತ್ರ ನಗಲಿಲ್ಲ. “ನೀವು ನೋಡಿದ್ದುಂಟಾ? ನಮಗೂ ತೋರಿಸ್ತೀರಾ?” ಎಂದು ಪ್ಯೂನಣ್ಣನನ್ನು ಕೇಳಿದರು.

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ನಾವೆಲ್ಲ ಕೆರೆಯ ದಂಡೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಹುಲ್ಲಿನ ಮರೆಯ ನೀರಿನಲ್ಲಿ ಕೇಸರಿ ಬಣ್ಣದ ಒಂದು ತೇಪೆ ಮಿಸುಕಾಡುತ್ತಿತ್ತು. ನೂರಾರು ಮರಿಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಪ್ಯೂನಣ್ಣ ಉದ್ದದ ಕೋಲಿನ ತುದಿಗೆ ಎಲೆ ಸಿಕ್ಕಿಸಿ ಮೆಲ್ಲಗೆ ಅತ್ತ ಚಾಚಿದರು. ನೀರು ಛಟ್ಟನೆ ಸಿಡಿಯಿತು. ಮೊಳದುದ್ದದ ಕಪ್ಪು ಮೀನು ಎಲೆಯನ್ನು ಕಚ್ಚಿ ಹರಿದು, ಮತ್ತೆ ಮರಿಗಳ ಅಡಿಗೆ ಇಳಿಯಿತು.

“ಇನ್ನೂ ಒಂದು ತಿಂಗಳು ಹೀಗೆಯೇ ಸಾರ್. ಕೆಲವು ಸಲ ತಾಯಿಯೂ ಇರ್ತದೆ. ಹಾವು ಬಂದರೂ ಇವನು ಬಿಡುವುದಿಲ್ಲ” ಎಂದರು ಪ್ಯೂನಣ್ಣ. ಗಾಳ ಹಾಕುವವರಿಗೆ ಇದು ಗೊತ್ತಿತ್ತು. ಮರಿಗಳ ನಡುವೆ ಕಪ್ಪೆ ಇಳಿಬಿಟ್ಟರೆ ದೊಡ್ಡ ಮೀನು ಸುಲಭವಾಗಿ ಸಿಗುತ್ತದೆ. ಅನ್ನಕ್ಕೆ ಮಡೆಂಜಿಯ ಗಸಿ ಎಂದರೆ ಪ್ಯೂನಣ್ಣನಿಗೂ ಪ್ರಾಣ. ಆದರೂ ಆ ತಿಂಗಳಲ್ಲಿ ಹಿಡಿಯುತ್ತಿರಲಿಲ್ಲ, ಬೇರೆಯವರನ್ನೂ ದಂಡೆಗೆ ಬಿಡುತ್ತಿರಲಿಲ್ಲ. “ಅವನನ್ನು ಹಿಡಿದರೆ ಮರಿಗಳನ್ನು ಸಂಜೆಯೊಳಗೆ ಬೇರೆ ಮೀನು ತಿಂದು ಮುಗಿಸ್ತದೆ.”

ಮರುದಿನ ಮಾಸ್ತರರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ನಿನ್ನೆ ನಾನು ಹೇಳಿದ್ದು ತಪ್ಪು. ಸುಮತಿ ತಲೆ ತಗ್ಗಿಸಿ ಬರೆದುಕೊಂಡಳು. ಅವಳ ಕಿವಿ ಕೆಂಪಾಗಿತ್ತು.

ಅದಾಗಿ ವಾರ ಕಳೆದಿರಲಿಲ್ಲ. ಸುಮತಿಯ ಸೋದರಮಾವ ಕಾರ್ಕಳದಿಂದ ಬಂದು ಆಫೀಸಿನಲ್ಲಿ ಕುಳಿತರು. ನಮ್ಮ ಕಡೆ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಮಾವನ ಮಾತಿಗೆ ತೂಕ ಹೆಚ್ಚು. ಚಾಕ್‌ಪೀಸು ತರಲು ಹೋಗಿದ್ದ ನಾನು ಬಾಗಿಲ ಬಳಿಯೇ ನಿಂತುಬಿಟ್ಟೆ.

“ಹುಡುಗಿ ದೊಡ್ಡವಳಾಗ್ತಾ ಇದ್ದಾಳೆ. ಹೆಂಗಸರಿಲ್ಲದ ಮನೆಯಲ್ಲಿ ಎಂತ ಮಾಡುವುದು? ಟಿ.ಸಿ. ಕೊಡಿ, ಕರೆದುಕೊಂಡು ಹೋಗ್ತೇನೆ” ಎಂದರು ಮಾವ. ಕೆಟ್ಟವರಲ್ಲ ಅವರು. ತೀರಿಕೊಂಡ ತಂಗಿಯ ಮಗಳ ಚಿಂತೆ ಅವರದು.

ಹೆಡ್‌ಮಾಸ್ತರರು ಅಡ್ಮಿಷನ್ ರಿಜಿಸ್ಟರ್ ತರಲು ಹೇಳಿದರು. ತರಬೇಕಾದವರು ಪ್ಯೂನಣ್ಣನೇ. ಅವರು ಕಪಾಟಿನವರೆಗೆ ಹೋದರು. ಬಾಗಿಲಿಗೆ ಕೈಯಿಟ್ಟರು. ಹಾಗೆಯೇ ತಿರುಗಿದರು.

“ತರುವುದಿಲ್ಲ ಸಾರ್.”

ಆ ಶಾಲೆಯಲ್ಲಿ ಅವರು ಯಾರಿಗೂ ‘ಇಲ್ಲ’ ಎಂದದ್ದನ್ನು ನಾನು ಕೇಳಿರಲಿಲ್ಲ. “ಭಾವ, ನಿಮ್ಮ ತಂಗಿ ಹೋದ ದಿನ ನೀವು ಕೇಳಿದ್ದರೆ ಕೊಡ್ತಿದ್ದೆನೋ ಏನೋ. ಆಗ ನನಗೆ ಗಂಜಿ ಬೇಯಿಸ್ಲಿಕ್ಕೂ ಬರ್ತಿರಲಿಲ್ಲ. ಈಗ ಎಲ್ಲ ಬರ್ತದೆ. ಗೊತ್ತಿಲ್ಲದ್ದನ್ನು ನೆರೆಮನೆ ಅಕ್ಕನ ಹತ್ತಿರ ಕೇಳ್ತೇನೆ. ಮಗಳಿಗೆ ನಾನು ಉಂಟು.”

ನೆರೆಮನೆ ಅಕ್ಕ ಎಂದರೆ ನನ್ನ ಅಮ್ಮ. ಮಾವ ಸುಮತಿಯನ್ನು ಕರೆಸಿದರು. ಅವಳು ಬಂದವಳೇ ಅಪ್ಪನ ಅಂಗಿಯ ತುದಿ ಹಿಡಿದಳು, ಹದಿಮೂರರ ಹುಡುಗಿ. ಮಾವ ಅವಳ ಜಡೆಯನ್ನು ಕೈಯಲ್ಲಿ ತೆಗೆದುಕೊಂಡು ನೋಡಿ, “ಇದನ್ನು ಹಾಕಿದ್ದು ನೀವಾ ಭಾವ?” ಎಂದು ಕೇಳಿ, ಎದ್ದು ಹೋದರು. ರಿಜಿಸ್ಟರ್ ಕಪಾಟಿನಲ್ಲೇ ಉಳಿಯಿತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳು ನಮ್ಮ ಶಾಲೆಗೆ ಮೊದಲಿಗಳಾದಳು. ಆಗ ಪ್ಯೂನಣ್ಣನೇ ಟ್ರಂಕು ಹೊತ್ತು, ಕಾಲೇಜಿಗೆಂದು ಅವಳನ್ನು ಅದೇ ಮಾವನ ಮನೆಗೆ ಬಿಟ್ಟು ಬಂದರು. ಮರುದಿನ ಬೆಲ್ ಹತ್ತು ನಿಮಿಷ ತಡವಾಯಿತು… ಯಾಕೆಂದು ಯಾರೂ ಕೇಳಲಿಲ್ಲ.

ಮೊನ್ನೆ ನಾನು ಬಸ್ಸು ಹತ್ತಿದ್ದು ಸುಮತಿಯ ಬೀಳ್ಕೊಡುಗೆಗೆ. ಮೂವತ್ತು ವರ್ಷ ವಿಜ್ಞಾನ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು. “ನನ್ನನ್ನು ಸಾಕಿದವರು ಒಬ್ಬ ಪ್ಯೂನ್” ಎಂದು ಅವಳು ಮೈಕಿನ ಮುಂದೆ ಹೇಳಿದಾಗ ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಪಕ್ಕದವರಿಗೆ, ಅವರು ಕೇಳದಿದ್ದರೂ, “ನಮ್ಮ ಪ್ಯೂನಣ್ಣ” ಎಂದೆ.

ಊಟಕ್ಕೆ ಕುಳಿತಾಗ ಸುಮತಿ ಹೇಳಿದಳು, “ಅಪ್ಪ ಕಳೆದ ಮಳೆಗಾಲದಲ್ಲಿ ಹೋದರು. ಇವತ್ತು ಇದ್ದಿದ್ದರೂ ಮುಂದೆ ಕೂರ್ತಿರಲಿಲ್ಲ ಮಾರಾಯ್ತಿ. ಅಡುಗೆಯವರ ಜೊತೆ ನೀರು ಹೊರ್ತಿದ್ದರು.”

ಇಬ್ಬರೂ ನಕ್ಕೆವು. ಆಮೇಲೆ ಸುಮತಿ ಎದ್ದು, ನೀರಿನ ಜಗ್ಗು ಹಿಡಿದು ಪಂಕ್ತಿಯ ಲೋಟಗಳನ್ನು ತುಂಬುತ್ತಾ ಹೋದಳು.