ಸ್ಟಾಪರ್ ಮುನೀಂದ್ರ ಇಡುತ್ತಿದ್ದ ಎಡೆ

ಫುಟ್‌ಬಾಲಿನಲ್ಲಿ ಚೆಂಡಿಗೆ ತಲೆ ಕೊಡದ ಸ್ಟಾಪರ್ ಅಂದರೆ ಯಾರಾದರೂ ನಗುತ್ತಾರೆ. ಗೋಲಿನ ಮುಂದೆ ನಿಂತು, ಎದುರಿನವರು ಎತ್ತಿ ಹಾಕಿದ್ದಕ್ಕೆಲ್ಲ ಹಾರಿ ತಲೆಯಿಂದ ಹೊಡೆದು ಕಳಿಸೋದೇ ಅವನ ಕೆಲಸ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತೀನಿ ಅಂದರೆ ಹಿಟ್ಟು ಮುಟ್ಟಲ್ಲ, ಮುದ್ದೆ ಮಾತ್ರ ಕಟ್ತೀನಿ ಅಂದ ಹಾಗೆ. ಆದರೂ ಬೈಯಪ್ಪನಹಳ್ಳಿಯ ಮುನೀಂದ್ರ ಹಾಗೇ ಆಡಿ ವರ್ಷಗಟ್ಟಲೆ ಹೊಟ್ಟೆ ಹೊರೆದ. ಚೆಂಡು ಎಲ್ಲಿ ಇಳಿಯುತ್ತೆ ಅಂತ ಗಾಳಿಯಲ್ಲಿದ್ದಾಗಲೇ ಅಂದಾಜು ಮಾಡಿ, ಅಲ್ಲಿಗೆ ಹೋಗಿ ಎದೆ ಕೊಟ್ಟು ನಿಲ್ಲುತ್ತಿದ್ದ. ನೋಡಿದವರು ಏನು ಬುದ್ಧಿವಂತನಪ್ಪ ಅನ್ನುತ್ತಿದ್ದರು. ಬುದ್ಧಿಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಹಾರೋಕೆ ಭಯ.

ಮೊದಲು ಹೀಗಿರಲಿಲ್ಲ ಕಣ್ರಿ. ಚಿಕ್ಕಂದಿನಲ್ಲಿ ಹಾರಿದರೆ ಇಳಿಯೋದೇ ಮರೆತುಬಿಡ್ತಾನೆ ಅಂತ ಗೌತಮಪುರದ ಹುಡುಗರು ಹೊಗಳುತ್ತಿದ್ದರು. ಅಪ್ಪ ಮುನಿಶಾಮಿಯದ್ದು ರಾಗಿ ಬೆಳೆಯುತ್ತಿದ್ದ ಮನೆತನ. ಊರು ಬೆಂಗಳೂರಿನ ಹೊಟ್ಟೆಗೆ ಹೋದ ಮೇಲೆ ಹೊಲದಲ್ಲಿ ಶೀಟಿನ ರೂಮುಗಳ ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ವಠಾರದ ಕೊನೇ ರೂಮಿಗೆ ಯಾದಗಿರಿ ಕಡೆಯಿಂದ ಬಂದವರು ಗಾರೆ ಕೆಲಸದ ಪೀರಪ್ಪ, ಅವನ ಹೆಂಡತಿ ಮಾನಮ್ಮ, ಮಗ ದುರ್ಗೇಶ. ಮುನೀಂದ್ರನಿಗೂ ದುರ್ಗೇಶನಿಗೂ ಒಂದೇ ವಯಸ್ಸು. ಓನರ್ ಮಗ, ಬಾಡಿಗೆಯವರ ಮಗ ಅನ್ನೋ ಭೇದ ದೊಡ್ಡವರಿಗಿತ್ತು, ಹುಡುಗರಿಗಿರಲಿಲ್ಲ. ಮನೆಯಲ್ಲಿ ಸಾರು ಮುದ್ದೆ ಉಂಡು, ಓಡಿಹೋಗಿ ಮಾನಮ್ಮನ ಕೈಯ ಜೋಳದ ರೊಟ್ಟಿ ತಿಂದು, ಅವಳನ್ನ ದುರ್ಗೇಶನ ಥರಾನೇ ಅವ್ವಾ ಅಂತ ಕರೆದು ಬೆಳೆದವನು ಮುನೀಂದ್ರ.

ಆಟದಲ್ಲಿ ಮಾತ್ರ ಇಬ್ಬರೂ ಎದುರುಬದುರು. ದುರ್ಗೇಶ ಗೋಲು ಹೊಡೆಯೋನು, ಮುನೀಂದ್ರ ತಡೆಯೋನು. ಮುಂದೆ ಮುನೀಂದ್ರನನ್ನ ವಿಮಾನಪುರದ ಒಂದು ಕಾರ್ಖಾನೆಯ ತಂಡದವರು ಸೇರಿಸಿಕೊಂಡರು. ದುರ್ಗೇಶ ಗೌತಮಪುರದ ಚಿಕ್ಕ ಕ್ಲಬ್ಬಿಗೆ ಆಡುತ್ತಿದ್ದ. ಲೀಗಿನಲ್ಲಿ ಎರಡೂ ತಂಡ ಎದುರಾದ ದಿನ ಒಂದು ಕಾರ್ನರ್ ಬಂತು. ಇಬ್ಬರೂ ಒಟ್ಟಿಗೆ ಹಾರಿದರು. ಚೆಂಡು ಮುನೀಂದ್ರನಿಗೇ ಸಿಕ್ಕಿತು. ಚೆಂಡಿನ ಹಿಂದೆಯೇ ಅವನ ಹಣೆ ಹೋಗಿ ದುರ್ಗೇಶನ ಕಿವಿಯ ಮೇಲಿನ ಮೂಳೆಗೆ ಬಡಿಯಿತು. ಟಕ್ ಅಂತ ಒಂದು ಸದ್ದು.

ಫೌಲೂ ಅಲ್ಲ, ಏನೂ ಅಲ್ಲ. ರೆಫರಿ ಸೀಟಿ ಕೂಡ ಊದಲಿಲ್ಲ. ದುರ್ಗೇಶ ಬಿದ್ದ, ಎದ್ದ, ತಲೆ ಮೇಲೆ ನೀರು ಸುರಕೊಂಡು ನಕ್ಕ. "ಏನ್ ತಲೆನೋ ಮಗಾ ನಿಂದು, ರುಬ್ಬೋ ಗುಂಡು!" ಅಂದು ಮ್ಯಾಚ್ ಮುಗಿಯೋವರೆಗೂ ಓಡಿದ. ಮಾರನೇ ಬೆಳಗ್ಗೆ ಮುನೀಂದ್ರನಿಗೆ ಕೋಲ್ಕತ್ತಾದ ಕ್ಲಬ್ಬೊಂದರಿಂದ ಕರೆ ಇತ್ತು. ರೈಲು ಹತ್ತಿ ಹೋದ. ರೈಲು ಆಂಧ್ರ ದಾಟೋದರೊಳಗೆ ಫೋನು ಬಂತು. ದುರ್ಗೇಶ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದ್ದ. ತಲೆಬುರುಡೆ ತೆರೆದು ಆಪರೇಷನ್ ಮಾಡ್ತಾರಂತೆ. ಮುನೀಂದ್ರ ದಿನಾ ಮನೆಗೆ ಫೋನ್ ಮಾಡುತ್ತಿದ್ದ. "ಆಸ್ಪತ್ರೇಲೇ ಇದಾನಪ್ಪ, ಕಣ್ಣು ಬಿಟ್ಟಿಲ್ಲ. ನೀನು ಆಟದ ಕಡೆ ನೋಡ್ಕೋ," ಅನ್ನುತ್ತಿದ್ದಳು ಅಮ್ಮ ಪಟಾಲಮ್ಮ. ಆಮೇಲಾಮೇಲೆ ಕೇಳೋಕೇ ಅವನಿಗೆ ಧೈರ್ಯ ಸಾಲದೆ ಹೋಯಿತು.

ರಜೆ ಸಿಕ್ಕಿ ಊರಿಗೆ ಬಂದವನು ಬ್ಯಾಗು ಹೆಗಲಿಂದ ಇಳಿಸದೆ ನೇರ ವಠಾರದ ಹಿಂದಕ್ಕೆ ಹೋದ. ಕೊನೇ ರೂಮಿಗೆ ಬೀಗ. ಬಾಗಿಲಿಗೆ ಅಡ್ಡವಾಗಿ ಜಾಲಿ ಮುಳ್ಳಿನ ಕೊಂಬೆ.

ನಮ್ಮ ಕಡೆಯವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಆ ಮನೆ ಖಾಲಿ ಮಾಡಿ, ಬಾಗಿಲಿಗೆ ಮುಳ್ಳು ಹಾಕಿ, ತಿಂಗಳುಗಟ್ಟಲೆ ಯಾರೂ ಒಳಗೆ ಕಾಲಿಡಬಾರದು. ಮುನೀಂದ್ರ ಆ ಮುಳ್ಳನ್ನೇ ನೋಡುತ್ತಾ ನಿಂತ. ಹಿಂದಿನಿಂದ ಪಟಾಲಮ್ಮ ಬಂದು ರಟ್ಟೆ ಹಿಡಿದೆಳೆದಳು. "ಬಾರೋ ಒಳಕ್ಕೆ! ಬಂದವನೇ ಅಲ್ಲಿ ನಿಂತ್ಕೋತಾರಾ? ಆ ಮನೆ ಮಾತು ಎತ್ತಲೂಬೇಡ." ಅವನು ಎತ್ತಲಿಲ್ಲ. ಯಾರು, ಯಾವಾಗ, ಹೇಗೆ, ಒಂದನ್ನೂ ಕೇಳಲಿಲ್ಲ. ಕೊಂದವನು ನಾನೇ ಆಗಿರುವಾಗ ಕೇಳೋದೇನು ಅಂದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನಿಗೆ ಯಾರೂ ಏನೂ ಅನ್ನದಿದ್ದರೂ ಹೆಗಲು ಭಾರವಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಕೋಲ್ಕತ್ತಾಗೆ ವಾಪಸ್ ಹೋದ ಮೇಲೆ ಮೊದಲ ಮ್ಯಾಚಿಗೆ ಸಾವಿರಾರು ಜನ ಅರಚುತ್ತಿದ್ದಾರೆ, ಕಾರ್ನರ್ ಬಂತು, ಪಕ್ಕದಲ್ಲಿ ಯಾರೋ ಮಣಿಪುರದ ಹುಡುಗ. ಹಾರಬೇಕು ಅನ್ನುವಾಗ ಕಿವಿಯಲ್ಲಿ ಟಕ್ ಅಂತು. ಮುನೀಂದ್ರನ ಕಾಲು ನೆಲ ಬಿಡಲಿಲ್ಲ. ಆ ಹುಡುಗ ಒಬ್ಬನೇ ಹಾರಿ ಗೋಲು ಹೊಡೆದ. ಕೋಚು ಬಾಯಿಗೆ ಬಂದ ಹಾಗೆ ಬೈದ. ಭಾಷೆ ಬಂಗಾಳಿಯಾದರೂ ಬೈಗುಳ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತೆ. ಮುಂದೆ ಎದೆ ಕೊಡೋದು, ಮೊದಲೇ ಕಾಲು ಚಾಚೋದು, ಹೀಗೆ ಏನೇನೋ ಕಲಿತು ನಿಭಾಯಿಸಿದ. ಆದರೆ ಯಾವ ಮೈದಾನಕ್ಕೆ ಹೋದರೂ ಪಕ್ಕದಲ್ಲಿ ಹಾರೋ ನೆರಳು ದುರ್ಗೇಶನದ್ದೇ. ದೇಶದ ತಂಡದ ಶಿಬಿರಕ್ಕೆ ಒಮ್ಮೆ ಕರೆದರು, ನೋಡಿದರು, ವಾಪಸ್ ಕಳಿಸಿದರು. ಗೋವಾದ ಕ್ಲಬ್ಬು ಬೆಂಚಿನಲ್ಲಿ ಕೂರಿಸಿತು. ಮೂವತ್ತು ದಾಟುತ್ತಿದ್ದ ಹಾಗೆ ಊರಿಗೆ ಬಂದು ಹಲಸೂರಿನಲ್ಲಿ ಮನೆ ಮಾಡಿದ. ಈಗ ಇಂದಿರಾನಗರದ ಟರ್ಫ್ ಮೈದಾನದಲ್ಲಿ ಆಫೀಸಿನವರಿಗೆ ಆಟ ಕಲಿಸುತ್ತಾನೆ. ಅವರು ಬೆವರು ಸುರಿಸಿ, ಫೋಟೋ ತೆಗೆಸಿಕೊಂಡು, "ಥ್ಯಾಂಕ್ಸ್ ಕೋಚ್" ಅಂದು ಕೆಲಸಕ್ಕೆ ಹೋಗುತ್ತಾರೆ. ತಲೆಯಿಂದ ಹೊಡೆಯೋ ಹೆಡ್ಡರ್ ಕಲಿಸೋದು ಮಾತ್ರ ಅವನ ಜೊತೆಯ ಇನ್ನೊಬ್ಬ ಕೋಚಿನ ಪಾಲು.

ವರ್ಷಕ್ಕೊಮ್ಮೆ, ಮಾಲಯ ಅಮಾವಾಸ್ಯೆ ದಿನ, ಅವನು ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಅಮ್ಮನ ಮನೆಯಲ್ಲಿ ಹಿರಿಯರ ಹಬ್ಬ ಮುಗಿಸಿ, ತೀರಿಹೋದ ಅಪ್ಪನಿಗೆ ಎಡೆ ಇಟ್ಟು, ಹಲಸೂರಿಗೆ ಬಂದು ತನ್ನ ಮನೆಯ ಮಹಡಿ ಮೇಲೆ ಇನ್ನೊಂದು ಎಲೆ ಹಾಕುತ್ತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ, ಒಂದು ಬಾಟಲ್ ಕಿತ್ತಳೆ ಸೋಡಾ. ಹೆಂಡತಿ ಸುಕನ್ಯ ಮೊದಲ ವರ್ಷ ಕೇಳಿದಳು. "ಗ್ರೌಂಡಿನ ಗೆಳೆಯ, ಇಲ್ಲ ಈಗ," ಅಂದಷ್ಟೇ ಹೇಳಿದ. ಅಪ್ಪನ ಎಡೆಗೆ ಕಾಗೆಗಳು ಕಾದು ಕೂತ ಹಾಗೆ ಬಂದು ಎರಗುತ್ತಿದ್ದವು. ಈ ಎಲೆಗೆ ಒಂದೇ ಒಂದು ಕಾಗೆ ಬರುತ್ತಿರಲಿಲ್ಲ. ಟ್ಯಾಂಕಿನ ಮೇಲೆ ಕೂತು ನೋಡುತ್ತಿದ್ದವು, ಹಾರಿಹೋಗುತ್ತಿದ್ದವು. ಕಾಗೆ ಮುಟ್ಟಲಿಲ್ಲ ಅಂದರೆ ಸತ್ತವರಿಗೆ ಸಿಟ್ಟಿದೆ ಅಂತ ಅರ್ಥ. ಬಿಸಿಲಲ್ಲಿ ರೊಟ್ಟಿ ಸೆಟೆದುಕೊಳ್ಳೋವರೆಗೂ ಮುನೀಂದ್ರ ಕೈಮುಗಿದು ನಿಂತಿರುತ್ತಿದ್ದ. "ತಪ್ಪಾಯ್ತು ಕಣೋ, ಒಂದ್ ತುತ್ತು ಮುಟ್ಟೋ," ಅನ್ನುತ್ತಿದ್ದ. ಸುಕನ್ಯ ಮೆಟ್ಟಿಲ ಹತ್ತಿರ ನಿಂತು ನೋಡಿ, ಕಣ್ಣೊರಸಿಕೊಂಡು ಇಳಿದುಹೋಗುತ್ತಿದ್ದಳು.

ಈ ಸಲದ ಹಬ್ಬಕ್ಕೆ ಹೋದಾಗ ಪಟಾಲಮ್ಮ ಹೊಸ ಸುದ್ದಿ ತೆಗೆದಳು. ವಠಾರ ಕೆಡವಿ ಪೀಜಿ ಕಟ್ಟಿಸೋದು. ಒಬ್ಬಟ್ಟು ಬಡಿಸುತ್ತಾ ಯಾವ ರೂಮಿನಿಂದ ಶುರು ಮಾಡಬೇಕು ಅಂತ ಲೆಕ್ಕ ಹಾಕುತ್ತಿದ್ದಳು. "ಹಿಂದ್ಗಡೆ ರೂಮಿಂದಾನೇ ಒಡೀಲಿ. ಪೀರಪ್ಪ ಸತ್ತು ಮುಳ್ಳು ಹಾಕಿದ್ಮೇಲೆ ಅಲ್ಲಿಗೆ ಬಂದೋರು ಯಾರೂ ನೆಟ್ಟಗೆ ನಿಲ್ಲಲಿಲ್ಲ."

ಮುನೀಂದ್ರನ ಕೈ ಎಲೆಯ ಮೇಲೇ ನಿಂತಿತು. "ಪೀರಪ್ಪನಾ? ದುರ್ಗೇಶ ಅಲ್ವಾ ಸತ್ತಿದ್ದು?"

"ಬಿಡ್ತು ಅನ್ನು! ಹಬ್ಬದ ದಿನ ಏನ್ ಮಾತಾಡ್ತೀಯ? ಅವನಿಗೇನಾಗಿದೆ ಧಾಡಿ! ಟಿನ್ ಫ್ಯಾಕ್ಟರಿ ಹತ್ರ ರೊಟ್ಟಿ ಅಂಗಡಿ ಇಟ್ಕೊಂಡಿದಾರಂತೆ ತಾಯಿ ಮಗ. ಸತ್ತಿದ್ದು ಅವರಪ್ಪ. ಮಗ ಆಸ್ಪತ್ರೇಲಿದ್ದಾಗ್ಲೇ ರೂಮಿನ ಬಾಗಿಲಲ್ಲಿ ಕುಸಿದು ಹೋಗ್ಬಿಟ್ಟ. ನಕ್ಷತ್ರ ಸರಿಯಿಲ್ಲ, ಮನೆ ಮುಚ್ಚಿ ಅಂದ್ರು. ಖಾಲಿ ಮಾಡ್ಸಿದ್ವಿ."

"ಗಂಡ ಸತ್ತು, ಮಗ ಆಸ್ಪತ್ರೇಲಿದ್ದಾಗ ಮನೆ ಖಾಲಿ ಮಾಡ್ಸಿದ್ರಾ?"

"ಇನ್ನೇನ್ ಮಾಡ್ಬೇಕಿತ್ತು? ಶಾಸ್ತ್ರ ಬಿಡಕ್ಕಾಗುತ್ತಾ?" ಅಂದಳು ಪಟಾಲಮ್ಮ. ಆಮೇಲೆ ಮಗನ ಮುಖ ನೋಡಿ ದನಿ ಇಳಿಸಿದಳು. "ಇಷ್ಟು ವರ್ಷ ನೀನು ಅವನೇ ಸತ್ತ ಅಂದ್ಕೊಂಡಿದ್ಯಾ? ಬಾಯಿ ಬಿಟ್ಟು ಒಂದ್ ಮಾತು ಕೇಳಕ್ಕಾಗ್ಲಿಲ್ವೇನೋ ನಿನಗೆ?"

ಮನೆಗೆ ಬಂದು ಸುಕನ್ಯಳಿಗೆ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ನಗೋಕೆ ಶುರು ಮಾಡಿ ಅಳುವಿನಲ್ಲಿ ನಿಲ್ಲಿಸಿದಳು. "ಬದುಕಿರೋನ ಎಲೆಗೆ ಕಾಗೆ ಯಾಕ್ರೀ ಬರುತ್ತೆ? ಆ ಕಾಗೆಗಿರೋ ಬುದ್ಧಿ ನಿಮಗಿಲ್ವಲ್ರೀ! ಏಳಿ, ಮೊದ್ಲು ಹೋಗಿ ಬನ್ನಿ."

ಖುಷಿಯಾಗಬೇಕಿತ್ತಲ್ಲವೇ? ಮೆಟ್ರೋದಲ್ಲಿ ಕೂತವನಿಗೆ ಆಗಿದ್ದು ಭಯ. ಸತ್ತ ದುರ್ಗೇಶನ ಜೊತೆ ಬದುಕೋದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಸತ್ತವನು ಹೆಚ್ಚೆಂದರೆ ಉಣ್ಣದೆ ಸಿಟ್ಟು ತೋರಿಸುತ್ತಾನೆ. ಬದುಕಿರೋನು ಬಾಯಿ ತೆರೆದು ಕೇಳುತ್ತಾನೆ. ಕ್ಷಮಿಸ್ತಾನೋ, ಕಪಾಳಕ್ಕೆ ಹೊಡೀತಾನೋ, ಯಾರು ನೀನು ಅಂತಾನೋ. ಇನ್ನು ಮುಂದೆ ತನ್ನ ಮನಸ್ಸಿಗೆ ನೆಮ್ಮದಿ ಉಂಟೋ ಇಲ್ಲವೋ ಅನ್ನೋದು ಆ ಅಂಗಡಿಯಲ್ಲಿ ತೀರ್ಮಾನವಾಗುತ್ತೆ ಅಂತ ಅವನಿಗೆ ಗೊತ್ತಿತ್ತು.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು, ಆಟೋ, ಚೀಲ ಹೊತ್ತ ಜನ, ಕಾಲಿಡೋಕೆ ಜಾಗವಿಲ್ಲ. ಗಲ್ಲಿಯೊಳಗೆ ರೊಟ್ಟಿ ಬಡಿಯೋ ಸದ್ದು ಕೇಳಿ ಹೋದ. ಶೀಟಿನ ಕೆಳಗೆ ಮಾನಮ್ಮ, ತಲೆ ಪೂರ್ತಿ ಬೆಳ್ಳಗಾಗಿದೆ, ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಾಳೆ. ಪಕ್ಕದ ಮರದ ಮಣೆಯ ಮುಂದೆ ಒಬ್ಬ ದಪ್ಪಗಿನ ಗಂಡಸು ಈರುಳ್ಳಿ ಹೆಚ್ಚುತ್ತಿದ್ದಾನೆ. ಕಿವಿಯ ಮೇಲೆ ಕೂದಲಿಲ್ಲದ ಉದ್ದನೆ ಗೆರೆ. ಮುನೀಂದ್ರ ಅವನ ಎಡಗಡೆ ಹೋಗಿ ನಿಂತ. ಕೈಗೆ ಎಟಕುವಷ್ಟು ಹತ್ತಿರ. ದುರ್ಗೇಶ ತಿರುಗಲೇ ಇಲ್ಲ, ತನ್ನ ಪಾಡಿಗೆ ಹೆಚ್ಚುತ್ತಲೇ ಇದ್ದ. ಆ ಪೆಟ್ಟಿನ ಮೇಲೆ ಅವನಿಗೆ ಎಡಗಡೆಯದು ಯಾವುದೂ ಕಾಣುತ್ತಿರಲಿಲ್ಲ. ಹಾಗೇ ಹಿಂದಕ್ಕೆ ಹೋಗಿಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗಿಬಿಡೋಣ ಅಂತ ಅನಿಸಿದ್ದೂ ನಿಜ. ಆದರೆ ಹೋಗಲಿಲ್ಲ. ಸುತ್ತು ಹಾಕಿ ಬಲಗಡೆಗೆ ಬಂದು ನಿಂತ.

ದುರ್ಗೇಶ ತಲೆಯೆತ್ತಿದ. ಚಾಕು ಕೆಳಗಿಟ್ಟ. "ಲೇ ಸ್ಟಾಪರ್!" ಅಂದವನೇ ಎದ್ದು ತಬ್ಬಿಕೊಂಡ. "ಅವ್ವಾ, ಯಾರ್ ಬಂದಿದಾನೆ ನೋಡು! ಟೀವೀಲಿ ಬರ್ತಿದ್ದೋನು!"

ಮುನೀಂದ್ರನಿಗೆ ತಡೆದುಕೊಳ್ಳಲಾಗಲಿಲ್ಲ. ನಿಂತ ನಿಲುವಿನಲ್ಲೇ ಎಲ್ಲ ಹೇಳಿಬಿಟ್ಟ, ಮುಳ್ಳು, ಮಹಡಿ, ಎಲೆ, ಸೋಡಾ ಬಾಟಲ್ ಸಮೇತ. ಮಾನಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಬದುಕಿದ ಮಗಗ ಎಡಿ ಇಟ್ಟಿಯೇನೋ, ನಿನ್ನ ಬಾಯಾಗ ಮಣ್ಣ ಹಾಕ!" ಅಂತ ಬೈದು, ಮಗನ ಮುಖ ನೀವಿ ಲಟಲಟ ನೆಟಿಗೆ ಮುರಿದು, ಒಲೆಗೆ ಒಂದು ಹಿಡಿ ಉಪ್ಪು ಎಸೆದಳು. ದುರ್ಗೇಶ ಹೊಟ್ಟೆ ಹಿಡಿದು ನಕ್ಕ. "ಸೋಡಾ ಬೇರೆ ಇಟ್ಟಿದ್ಯಾ ಗುರು? ಅದಕ್ಕೇ ವರ್ಷಕ್ಕೊಂದ್ಸಲ ತೇಗು ಬರ್ತಿತ್ತು ನನಗೆ!"

ಮುನೀಂದ್ರನೂ ನಕ್ಕ. ಎದೆ ಹಗುರವಾಯಿತು, ಮುಗಿಯಿತು ಅಂದುಕೊಂಡ.

ದುರ್ಗೇಶ ನಗು ನಿಲ್ಲಿಸಿ, ಅವನನ್ನ ಬಲಗಣ್ಣಿನ ನೇರಕ್ಕೆ ಕೂರಿಸಿಕೊಂಡ. "ತಲೆಗೆ ಬಿದ್ದಿದ್ದು ಆಟದಲ್ಲಿ. ಅದನ್ನ ನಾನು ಅವತ್ತೇ ಮರ್ತೆ. ಒಂದ್ ಮಾತು ಮಾತ್ರ ಕೇಳ್ತೀನಿ. ನಾನು ಸತ್ತೆ ಅಂತಾನೇ ಅಂದ್ಕೊಂಡೆ, ಸರಿ. ಹಂಗಿದ್ರೂ ಅವ್ವನ್ನ ಹುಡುಕ್ಕೊಂಡು ಒಂದ್ಸಲ ಬರ್ಬೇಕಿತ್ತಲ್ವಾ? ಮಗನ್ನ ಕಳ್ಕೊಂಡೋಳು ಹೆಂಗಿದಾಳೆ ಅಂತ? ನಿನಗೂ ರೊಟ್ಟಿ ಹಾಕಿದ ಕೈ ಅದು."

ಅಷ್ಟು ವರ್ಷ ಮುನೀಂದ್ರ ಕೊರಗಿದ್ದನಲ್ಲ, ಆ ಕೊರಗಿನಲ್ಲಿ ಒಂದು ದಿನವೂ ಮಾನಮ್ಮ ಬಂದಿರಲಿಲ್ಲ. ತನ್ನ ತಪ್ಪು, ತನ್ನ ಭಯ, ತನ್ನ ಕಿವಿಯ ಸದ್ದು ಅಷ್ಟೇ. ಮೆಲ್ಲಗೆ ಎದ್ದು ಹೋಗಿ ಒಲೆಯ ಪಕ್ಕ ನೆಲದ ಮೇಲೆ ಕೂತ.

"ಅವ್ವಾ, ಪೀರಪ್ಪಣ್ಣನಿಗೆ ಏನಾಗಿತ್ತು?" ಅಂತ ಕೇಳಿದ.

ಮಾನಮ್ಮ ರೊಟ್ಟಿ ತಿರುವಿ ಹಾಕಿದಳು. "ನಿಮ್ಮ ಮನ್ಯಾಗಿಂದ ಯಾರೂ ಕೇಳಿದ್ದಿಲ್ಲ ನೋಡಪ ಇಲ್ಲೀತನ. ಏನೂ ಆಗಿದ್ದಿಲ್ಲ ಅವಗ. ಅವತ್ತ ಮುಂಜಾನೆ ದವಾಖಾನ್ಯಾಗ ಇವ ಕಣ್ಣ ಬಿಟ್ಟ. ಅವ್ವಾ ಅಂದ. ನಿಮ್ಮ ಕಾಕಾಗ ಕಾಲೇ ನಿಲ್ಲವಲ್ವು. 'ಮುನೀಂದ್ರಗ ಫೋನ್ ಮಾಡಸ್ತೀನಿ, ಆ ಹುಡುಗ ಅಲ್ಲಿ ಅನ್ನ ನೀರು ಬಿಟ್ಟು ಕುಂತಿರ್ತದ, ಮೊದಲ ಅವಗ ತಿಳೀಲಿ' ಅಂದು ಬಸ್ಸಿಗೂ ಕಾಯಲಾರದ ಓಡಿ ಬಂದ ವಠಾರಕ್ಕ. ನಮ್ಮ ರೂಮಿನ ಬಾಗಲ ತನಕ ಬಂದಾನ. ಹೇಳೋದರಾಗ ಹೋಗ್ಯಾನ."

ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಮುನೀಂದ್ರ ಅವಳ ಪಕ್ಕದಲ್ಲೇ ಕೂತು, ಊಟಕ್ಕೆ ಬಂದ ಅಷ್ಟೂ ಜನದ ಮುಂದೆ, ಪೀರಪ್ಪನಿಗಾಗಿ ಅತ್ತ.