ಕೊನೆಯ ರೀಲು

ನನ್ನ ಸೊಸೆ ಪುಸ್ತಕ ಬರೆಯುತ್ತಾಳೆ. ಕಥೆಯಲ್ಲ, ಕಾದಂಬರಿಯಲ್ಲ. ಜನ ಯಾಕೆ ಓದುತ್ತಾರೆ, ಸಿನಿಮಾ ನೋಡುವಾಗ ಯಾಕೆ ಅಳುತ್ತಾರೆ, ಮನೆಗೆ ಕೇಬಲ್ ಬಂದ ಮೇಲೆ ಊಟದ ಹೊತ್ತು ಹೇಗೆ ಬದಲಾಯಿತು, ಇಂಥವು. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವಳು ಸೀರೆ ಕೂಡ ಬದಲಾಯಿಸದೆ ಊಟದ ಮೇಜಿನ ಮೇಲೆ ಬರೆಯಲು ಕೂರುತ್ತಿದ್ದಳು. ಸರಸ್ವತಿಪುರಂನ ನಮ್ಮ ಮನೆಯಲ್ಲಿ ತೊಂಬತ್ತರ ದಶಕವೆಲ್ಲ ಹೀಗೇ ಹೋಯಿತು. ಅವಳು ಬರೆಯುವುದು, ನಾನು ಆ ಹಾಳೆಗಳನ್ನು ಎತ್ತಿಟ್ಟು ತಟ್ಟೆ ಹಾಕುವುದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳ ಮೊದಲ ಪುಸ್ತಕ ಕೈಗೆ ಬಂದಾಗ ಅಕ್ಷರ ಕೂಡಿಸಿ ಕೂಡಿಸಿ ಕೆಲವು ಪುಟ ಓದಿದೆ. ಅರ್ಥವಾಗಲಿಲ್ಲ ಎಂದಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಇಷ್ಟು ಸುತ್ತಿ ಬಳಸಿ ಹೇಳುತ್ತಾಳಲ್ಲ ಅನ್ನಿಸಿ ಬಿಟ್ಟೆ. ನನ್ನ ಯಜಮಾನರು ಹಾಗಲ್ಲ. ಗುಮಾಸ್ತರಾಗಿ ರಿಟೈರಾದವರು, ಸೊಸೆ ಬರೆದದ್ದರಲ್ಲಿ ಒಂದು ಅಕ್ಷರ ಬಿಡುತ್ತಿರಲಿಲ್ಲ. ಓದಿ ತಪ್ಪು ಹುಡುಕುತ್ತಿದ್ದರು, ಆಮೇಲೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೂರನೆಯ ಪುಸ್ತಕ ಬರೆಯುವ ಕಾಲಕ್ಕೆ ಅವರೆಕಾಯಿ ಬಂದಿತ್ತು. ನಾನೂ ಅವಳೂ ನೆನೆಸಿದ ಕಾಳು ಹಿದುಕುತ್ತ ಕೂತಿದ್ದೆವು. ಕೈಗೆ ಅಂಥ ಕೆಲಸವಿದ್ದಾಗ ಬಾಯಿಗೆ ಲಂಗು ಲಗಾಮು ಇರುವುದಿಲ್ಲ.

"ಅತ್ತೆ, ನೀವು ಸಿನಿಮಾ ನೋಡ್ತಾನೇ ಇರಲಿಲ್ವಾ?" ಎಂದಳು.

ನೋಡುತ್ತಿದ್ದೆ ಎಂದೆ. ಮದುವೆಯಾಗಿ ಬಂದ ಹೊಸದರಲ್ಲಿ, ಮಗ ಹುಟ್ಟುವವರೆಗೂ ನೋಡಿದೆ. ಯಜಮಾನರಿಗೆ ಸಿನಿಮಾ ಎಂದರೆ ಆಗದು. ಹೆಂಗಸರು ಕೆಡುವುದೇ ಅಲ್ಲಿ ಎನ್ನುತ್ತಿದ್ದರು. ಅವರು ಆಫೀಸಿಗೆ ಹೋದ ಮೇಲೆ ಅಡುಗೆಮನೆ ಸಾರಿಸಿ, ಬೀಗ ಹಾಕಿ, ಮ್ಯಾಟಿನಿಗೆ ನಡೆದುಕೊಂಡು ಹೋಗುತ್ತಿದ್ದೆ. ಹೆಂಗಸರ ಸಾಲಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ತೊಂದರೆ ಒಂದೇ. ಅವರು ಮನೆಗೆ ಬರುವುದರೊಳಗೆ ಒಲೆ ಉರಿಯುತ್ತಿರಬೇಕು, ಕಾಫಿ ಆಗಿರಬೇಕು. ಹಾಗಾಗಿ ಐದು ಹೊಡೆಯುವ ಮುಂಚೆ ಎದ್ದುಬಿಡುತ್ತಿದ್ದೆ. ಯಾವ ಸಿನಿಮಾದ ಕೊನೆಯನ್ನೂ ನಾನು ನೋಡಿದವಳಲ್ಲ.

ನಲ್ಲಿಯ ಹತ್ತಿರ ಪಕ್ಕದ ಮನೆಗಳ ಹೆಂಗಸರು ಕಥೆ ಕೇಳುತ್ತಿದ್ದರು. ಅತ್ತೆಯರ ಕೈಕೆಳಗಿದ್ದವರು, ಅವರಿಗೆ ಹೋಗಲಾಗುತ್ತಿರಲಿಲ್ಲ. ಮುಕ್ಕಾಲು ಕಥೆ ಹೇಳಿ ನಿಲ್ಲಿಸಿದರೆ ಬಿಡುತ್ತಾರೆಯೇ? ಬಾಯಿಗೆ ಬಂದ ಹಾಗೆ ಒಂದು ಕೊನೆ ಕಟ್ಟಿ ಕೊಡುತ್ತಿದ್ದೆ. ರಾತ್ರಿ ಊಟಕ್ಕೆ ಬಡಿಸುವಾಗ ಅದನ್ನೇ ಯಜಮಾನರಿಗೂ ಹೇಳುತ್ತಿದ್ದೆ, ಪಕ್ಕದ ಮನೆಯಾಕೆ ನೋಡಿ ಬಂದಳಂತೆ ಎಂದು. ಸಿನಿಮಾ ಆಗದ ಮನುಷ್ಯ ಕಥೆ ಮಾತ್ರ ಚೆನ್ನಾಗಿ ಕೇಳುತ್ತಿದ್ದರು.

ಸೊಸೆ ಕಾಳು ಹಿದುಕುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಗಲೇ ನಾನು ಬಾಯಿ ಮುಚ್ಚಬೇಕಿತ್ತು.

ದಸರಾ ಹೊತ್ತಿಗೆ ಪ್ರೆಸ್ಸಿನಿಂದ ಪ್ರೂಫ್ ಬರತೊಡಗಿತು. ಅಚ್ಚು ಹಾಕಿದ ಹಾಳೆಗಳನ್ನು ತಿದ್ದಲು ಒಂದೊಂದು ಲೇಖನವಾಗಿ ಕಳಿಸುತ್ತಿದ್ದರು. ಒಂದು ಸಂಜೆ ಅವಳು ಬಂದು, "ಅತ್ತೆ, ಇವತ್ತು ಬಂದಿರೋದು ನಿಮ್ದು," ಎಂದಳು.

"ನಂದು ಅಂದ್ರೆ?"

"ಕೊನೆ ನೋಡದೆ ಎದ್ದು ಬರ್ತಿದ್ರಲ್ಲ, ಅದರ ಮೇಲೆ ಬರೆದಿದೀನಿ. ಹೆಸರಿಲ್ಲ. ಒಬ್ಬ ಹೆಂಗಸು ಅಂತ ಹಾಕಿದೀನಿ."

ಸ್ವಲ್ಪ ಓದಿಯೂ ತೋರಿಸಿದಳು. ಆ ಹೆಂಗಸಿನ ಎದೆಯಲ್ಲಿ ಮುಗಿಯದ ದುಃಖವೊಂದಿತ್ತು, ಅದಕ್ಕೇ ಅವಳು ಕೊನೆಗಳನ್ನು ಕಟ್ಟುತ್ತಿದ್ದಳು ಎಂದು ಬರೆದಿದ್ದಳು. ನನಗೆ ಯಾವ ದುಃಖವೂ ಇರಲಿಲ್ಲ. ಇದ್ದದ್ದು ಅವಸರ.

"ತೆಗೆದುಬುಡಮ್ಮ ಅದನ್ನ. ನಿಮ್ಮ ಮಾವ ಓದ್ತಾರೆ."

"ಓದ್ಲಿ ಬಿಡಿ. ಎಷ್ಟು ವರ್ಷದ ಮಾತು."

"ವರ್ಷದ ಮಾತಲ್ಲ ಕಣೇ. ನಾನು ಬಾಯಿಬಿಟ್ಟು ಹೇಳದೇ ಇದ್ದದ್ದನ್ನ ಅವರು ಕಾಗದದಲ್ಲಿ ಓದಬಾರದು."

ನನ್ನ ಮುಖ ನೋಡಿ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ನಾಳೆ ತಿದ್ದುವಾಗ ತೆಗೆಯುತ್ತೇನೆ ಎಂದಳು.

ನಾಳೆ ಸರಸ್ವತಿ ಪೂಜೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಆ ದಿನ ಅಚ್ಚಾದದ್ದೆಲ್ಲ ದೇವರ ಮನೆಗೆ ಹೋಗಬೇಕು. ಶರಣರ ವಚನದ ಪುಸ್ತಕದಿಂದ ಹಿಡಿದು ಪಂಚಾಂಗದವರೆಗೆ ಒಂದರ ಮೇಲೊಂದು ಪೇರಿಸಿ, ರೇಷ್ಮೆ ವಸ್ತ್ರ ಹೊದಿಸಿ, ವಿಭೂತಿ ಹಚ್ಚಿ ಹೂವಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಏನನ್ನೂ ಓದುವ ಹಾಗಿಲ್ಲ. ದಶಮಿಯ ಬೆಳಿಗ್ಗೆ ವಸ್ತ್ರ ತೆಗೆದು, ಎಲ್ಲಕ್ಕಿಂತ ಮೇಲಿರುವುದನ್ನು ಮನೆಯ ಹಿರಿಯರು ಗಟ್ಟಿಯಾಗಿ ಓದಬೇಕು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ಎಲ್ಲವನ್ನೂ ಜೋಡಿಸಿ ಮಂಗಳಾರತಿಯನ್ನೂ ಮಾಡಿದ್ದರು.

"ಸೊಸೇದು ಹೊಸದು ಬಂದಿತ್ತಲ್ಲ, ಅದನ್ನೇ ಮೇಲಿಟ್ಟಿದೀನಿ," ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಅಡುಗೆಮನೆಗೆ ಹೋಗಿ ಸೊಸೆಯ ಕಿವಿಯಲ್ಲಿ ಹೇಳಿದೆ, "ಅವರು ಆಚೆ ಹೋದಾಗ ಅದನ್ನ ಕೆಳಗಡೆ ಸೇರಿಸ್ಬುಡು."

"ನಾನು ಮುಟ್ಟಲ್ಲಪ್ಪ," ಎಂದಳು. "ಹೋದ ವರ್ಷ ನನ್ನ ಪಾಠದ ಪುಸ್ತಕ ಸಿಕ್ಕಾಕೊಂಡಾಗ ನೀವೇನಂದ್ರಿ? ಪ್ರಿನ್ಸಿಪಾಲರನ್ನೇ ಕರ್ಕೊಂಡು ಬಾ, ಆಗ್ಲೂ ಕೊಡಲ್ಲ ಅಂದ್ರಿ."

ಅಂದಿದ್ದೆ. ಈಗ ಎರಡು ಮಾತಾಡುವುದು ಹೇಗೆ?

ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ದೀಪಕ್ಕೆ ಎಣ್ಣೆ ಇದ್ದರೂ ಹಾಕುತ್ತಿದ್ದೆ. ಸರಿಯಾಗಿದ್ದ ಹೂವನ್ನು ಸರಿಮಾಡುತ್ತಿದ್ದೆ. ವಸ್ತ್ರದ ಅಂಚಿನಲ್ಲಿ ಆ ಬಿಳಿ ಹಾಳೆಗಳ ತುದಿ ಕಾಣುತ್ತಿತ್ತು. ಕೈ ಅಲ್ಲಿಯವರೆಗೆ ಹೋಗಿ ವಾಪಸ್ಸು ಬರುತ್ತಿತ್ತು. ಇವರೋ, ಪೇಪರು ಓದುವಂತಿಲ್ಲದೆ ಹಾಲಿನಿಂದ ಜಗಲಿಗೆ, ಜಗಲಿಯಿಂದ ಹಾಲಿಗೆ ಓಡಾಡುತ್ತಿದ್ದರು. ಪ್ರೂಫ್ ಕೇಳಲು ಬಂದ ಪ್ರೆಸ್ಸಿನವನನ್ನು ಗೇಟಿನಲ್ಲೇ ನಿಲ್ಲಿಸಿ, "ಏನ್ರೀ, ನಿಮ್ಮ ಮಷೀನಿಗೆ ಆಯುಧಪೂಜೆ ಇಲ್ವೇನ್ರಿ?" ಎಂದು ಕಳಿಸಿದರು.

ನಾನೇ ಹೇಳಿಬಿಡೋಣ ಎಂದು ಕಾಫಿ ತೆಗೆದುಕೊಂಡು ಹೋದೆ. "ರೀ," ಎಂದೆ. "ಸಕ್ಕರೆ ಜಾಸ್ತಿ ಆಯ್ತು," ಎಂದರು. ಇನ್ನೊಂದು ಸಲ ಹೋದೆ. ಪಕ್ಕದ ಮನೆಯವರ ಜೊತೆ ಜಂಬೂ ಸವಾರಿಯ ಪಾಸಿನ ಮಾತು ನಡೆದಿತ್ತು. ಹೇಳಬೇಕಾದ ಮಾತು ಒಂದು ಸಾಲಿನದು. ಅಷ್ಟು ವರ್ಷ ಹೇಳದೆ ಇದ್ದುದರಿಂದ ಅದನ್ನು ಎಲ್ಲಿಂದ ಶುರುಮಾಡುವುದು ಎಂಬುದೇ ತಿಳಿಯದಂತಾಗಿತ್ತು.

ವಿಜಯದಶಮಿಯ ಬೆಳಿಗ್ಗೆ ಎಲ್ಲರೂ ದೇವರ ಮನೆಯ ಮುಂದೆ ಕೂತೆವು. ಯಜಮಾನರು ವಸ್ತ್ರ ತೆಗೆದು, ಹಾಳೆಗಳನ್ನು ಕಣ್ಣಿಗೊತ್ತಿಕೊಂಡು, ಕನ್ನಡಕ ಹಾಕಿ, ಆಫೀಸಿನ ಆರ್ಡರು ಓದುವ ದನಿಯಲ್ಲಿ ಶುರುಮಾಡಿದರು. ಒಬ್ಬ ಹೆಂಗಸು ಬಂದಳು. ಬೀಗ ಹಾಕಿದಳು. ಮ್ಯಾಟಿನಿಗೆ ಹೋದಳು. ಅಲ್ಲಿ ನಿಲ್ಲಿಸಿ ಸೊಸೆಯ ಕಡೆ ನೋಡಿ ನಕ್ಕರು.

"ಯಾರ ಮನೆಯವಳಮ್ಮ ಇವಳು? ಗಂಡ ಅನ್ನೋನು ಮಣ್ಣಿನ ಗೊಂಬೇನಾ?"

ಸೊಸೆ ನೆಲ ನೋಡಿದಳು. ಅವರು ಮುಂದುವರಿಸಿದರು. ಸಿನಿಮಾದಲ್ಲಿ ಆಸ್ಪತ್ರೆಯಲ್ಲಿ ಮಲಗಿದ ಹುಡುಗಿ, ರೈಲಿನಲ್ಲಿ ಬರುತ್ತಿರುವ ಹುಡುಗ, ಅಲ್ಲಿಗೆ ಆ ಹೆಂಗಸು ಎದ್ದು ಹೊರಟಳು. ಹುಡುಗಿ ಬದುಕಿದಳು, ಆಸ್ಪತ್ರೆಯ ಮಂಚದ ಮೇಲೇ ತಾಳಿ ಕಟ್ಟಿಸಿಕೊಂಡಳು ಎಂದು ಮನೆಯಲ್ಲಿ ಹೇಳಿದಳು. ಅಲ್ಲಿಗೆ ಇವರ ದನಿ ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಓದಿ," ಎಂದೆ. "ಪೂಜೆ ಅರ್ಧಕ್ಕೆ ಬಿಡಬಾರದು."

ಓದಿದರು. ದುಃಖದ ಸಾಲು, ಅದರಾಚೆಯ ದೊಡ್ಡ ದೊಡ್ಡ ಮಾತು, ಎಲ್ಲವನ್ನೂ ಕೊನೆಯ ಪೂರ್ಣವಿರಾಮದವರೆಗೆ ಓದಿ ಹಾಳೆಗಳನ್ನು ಮಣೆಯ ಮೇಲಿಟ್ಟರು. ಸಿನಿಮಾಕ್ಕೆ ಹೋದದ್ದಕ್ಕೆ ಬೈಯುತ್ತಾರೆ ಎಂದು ನಾನು ಕಾದೆ.

"ತಾಳಿ ಕಟ್ಟಿದ್ದು ಸುಳ್ಳಾ?" ಎಂದರು.

"ನಂಗೇನು ಗೊತ್ತು. ನಾನು ನೋಡ್ಲಿಲ್ವಲ್ಲ."

"ನಾನು ಅದನ್ನ ಆಫೀಸಲ್ಲಿ ಹೇಳಿದ್ದೆ ಕಣೇ. ಪಕ್ಕದ ಮೇಜಿನವನು ಹುಡುಗಿ ಸತ್ತೋದ್ಲು ಅಂದ. ಜಗಳ ಆಯ್ತು. ಅವತ್ತಿಂದ ಅವನ ಜೊತೆ ಡಬ್ಬಿ ಬಿಚ್ಚಿ ಊಟ ಮಾಡ್ಲಿಲ್ಲ ನಾನು. ರಿಟೈರ್ ಆಗೋವರೆಗೂ."

ಇದು ನನಗೆ ಗೊತ್ತಿರಲಿಲ್ಲ. ಅವರು ಎದ್ದು, ಒಗೆದ ಶರಟು ಹಾಕಿಕೊಂಡು, ತಿಂಡಿಯನ್ನೂ ತಿನ್ನದೆ ಹೊರಟರು. ಆ ಪಕ್ಕದ ಮೇಜಿನ ಮನುಷ್ಯ ವಿದ್ಯಾರಣ್ಯಪುರಂನಲ್ಲಿ ಇದ್ದಾರಂತೆ, ಅಲ್ಲಿಗೆ. ದಸರಾ ಜನದಲ್ಲಿ ಬಸ್ಸು ಸಿಗುವುದಿಲ್ಲ ಎಂದರೆ ಆಟೋ ಇದೆ ಎಂದರು.

ಸೊಸೆ ಹಾಳೆಗಳನ್ನು ಕೈಗೆ ತೆಗೆದುಕೊಂಡು, "ಈಗ ತೆಗೀಲಾ ಅತ್ತೆ?" ಎಂದಳು.

"ಈಗ್ಯಾಕೆ? ಕೇಳಬಾರದವರೇ ಕೇಳಾಯ್ತು. ಆ ದುಃಖದ ಸಾಲು ಒಂದು ತೆಗಿ. ನಂಗೆ ಅಂಥದ್ದೇನೂ ಇರಲಿಲ್ಲ."

"ನಿಮಗೆ ಗೊತ್ತಾಗದ ಹಾಗೆ ಇತ್ತೇನೋ."

"ನಂಗೇ ಗೊತ್ತಾಗದ್ದು ನಿಂಗೆ ಹೆಂಗೆ ಗೊತ್ತಾಯ್ತು?"

ಪುಸ್ತಕ ಬಂದಾಗ ಹುಡುಕಿ ನೋಡಿದೆ. ಆ ಸಾಲು ಅಲ್ಲೇ ಇತ್ತು, ಮೊದಲಿಗಿಂತ ಉದ್ದವಾಗಿತ್ತು.

ಯಜಮಾನರು ಸಂಜೆ ಬಂದರು. ಮುಖ ಬಾಡಿತ್ತು. ಕಾಫಿ ಕೊಟ್ಟೆ.

"ಏನಂದ್ರು?"

"ಅವನಿಗೆ ಸಿನಿಮಾನೇ ನೆನಪಿಲ್ಲ. ಟ್ರಾನ್ಸ್‌ಫರ್ ವಿಷಯಕ್ಕೆ ನಾನು ಮಾತು ಬಿಟ್ಟೆ ಅನ್ಕೊಂಡಿದ್ದನಂತೆ." ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. "ಇನ್ನ ಯಾವ್ಯಾವ ಕಥೇಲಿ ನಿನ್ನ ಕೈ ಇದೆ?"

"ಎಲ್ಲದರಲ್ಲೂ."

ಎದ್ದು ಹಾಲಿನಿಂದ ಜಗಲಿಗೆ ಓಡಾಡತೊಡಗಿದರು. ಪೇಪರು ಈಗ ಓದಬಹುದಿತ್ತು, ಕೈಯಲ್ಲೇ ಇತ್ತು, ಬಿಚ್ಚಲಿಲ್ಲ. ಮ್ಯಾಟಿನಿಯ ಮಾತನ್ನು ಅವತ್ತೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ.

ಅದಾದ ಮೇಲೆ ನಾನು ಏನು ಹೇಳಿದರೂ ಅವರಿಗೆ ನಂಬಿಕೆ ಇರಲಿಲ್ಲ. ದಟ್ಟಗಳ್ಳಿಯಲ್ಲಿ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದು ಊಟ ಚೆನ್ನಾಗಿತ್ತು ಎಂದರೂ, ಬೀದಿಯಲ್ಲಿ ಯಾರದೋ ಜಗಳ ರಾಜಿಯಾಯಿತು ಎಂದರೂ, ಪೇಪರಿನಿಂದ ಕಣ್ಣೆತ್ತದೆ ಕೇಳುತ್ತಿದ್ದರು, "ಕೊನೇವರೆಗೂ ಇದ್ದು ನೋಡಿದ್ಯಾ?" ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದರು.

ನಾನು ಹೂಂ ಎನ್ನುತ್ತಿದ್ದೆ. ಕೆಲವು ಸಲ ಕೊನೆಯವರೆಗೆ ಇದ್ದಿರುತ್ತಿರಲಿಲ್ಲ.