ಎರಡು ತಲೆಯ ಸಸಿ

ನಗರಸಭೆಯ ಸಸಿ ನರ್ಸರಿಯಲ್ಲಿ ಎಲ್ಲರೂ ಅವನನ್ನು ಹೆಬ್ಬೆಟ್ಟು ಎಂದೇ ಕರೆಯುತ್ತಿದ್ದರು. ಓದುಬರಹ ಬಾರದವನೆಂದಲ್ಲ, ಪತ್ರಿಕೆಯ ಜಾಹೀರಾತನ್ನೂ ಬಿಡದೆ ಓದುವ ಆಸಾಮಿ. ಚಳಿಗೆ ಎಲೆ ಉದುರಿ ಸಸಿಗಳು ಬೋಳಾದಾಗ ಅವನ ಕೆಲಸ ಶುರು. ನಡುಕಾಂಡ ಒಂದೇ ಇದೆಯೇ, ಕೊಂಬೆಗಳ ನಡುವೆ ಗೇಣು ಅಂತರವಿದೆಯೇ ಎಂದು ನೋಡಿ, ಕೊನೆಗೆ ಕವಲಿನ ಸಂದಿಗೆ ಹೆಬ್ಬೆರಳು ತೂರಿಸುವನು. ಬೆರಳು ಹಿಡಿಸಿದರೆ ಬಿಳಿ ಪಟ್ಟಿ, ಸಸಿ ಬೀದಿಯಲ್ಲಿ ನೆಡಲು ಪಾಸು. ಹಿಡಿಸದಿದ್ದರೆ ಕೆಂಪು, ಅಂಥ ಕೊಂಬೆಗಳು ತೊಗಟೆಯನ್ನು ಒಳಗೇ ಹಿಸುಕಿಕೊಂಡು ಬೆಳೆದು, ಭಾರ ಬಂದ ದಿನ ಸೀಳಿಬಿಡುತ್ತವೆ. ಅವನು ಬಣ್ಣ ಕೂಗುವನು, ಪಟ್ಟಿ ಕಟ್ಟುವವಳು ಹೆಂಡತಿ. ಮನೆಯಲ್ಲಿ ಅವಳದೇ ದರ್ಬಾರು. ಇಲ್ಲಾದರೂ ತನ್ನ ಮಾತು ನಡೆಯುತ್ತದಲ್ಲ ಎಂದು ಅವನಿಗೆ ಸಮಾಧಾನ.

ಒಂದು ದಿನ ಕೈಯೆತ್ತಿದರಷ್ಟೇ ಕವಲು ಎಟಕುವ ಸಸಿಯೊಂದರ ಮುಂದೆ "ಕೆಂಪು" ಅಂದ. ಒಂದೇ ಕಾಂಡ, ಮೇಲೆ ಎರಡು ತಲೆ. ಅವಳು ಕಟ್ಟಲಿಲ್ಲ.

"ಇದೊಂದನ್ನ ಬಿಟ್ಬಿಡಿ. ಎತ್ಕೋ ಅಂತ ಎರಡೂ ಕೈ ಚಾಚ್ಕೊಂಡು ನಿಂತಿರೋ ಹಾಗಿದೆ."

"ಒಂದನ್ನ ಈಗ್ಲೇ ಕತ್ತರಿಸಿದ್ರೆ ಸರಿಹೋಗುತ್ತೆ ಕಣೆ."

"ಕೈ ಕತ್ತರಿಸ್ತೀರಾ?"

ಮದುವೆಯಾಗಿ ಹತ್ತೊಂಬತ್ತು ವರ್ಷ, ಮಕ್ಕಳಿರಲಿಲ್ಲ. ಆ ಮಾತನ್ನು ಅವಳು ಎತ್ತುವುದನ್ನೇ ಬಿಟ್ಟಿದ್ದಳು. ಅವನು ಕತ್ತರಿಯನ್ನು ಜೇಬಿಗೆ ಹಾಕಿಕೊಂಡು "ಬಿಳಿ" ಅಂದ.

ಅವಳು ಮೇಸ್ತ್ರಿಯ ಬೆನ್ನು ಹತ್ತಿ ಆ ಸಸಿಯನ್ನು ತಮ್ಮ ಬೀದಿಗೇ ಹಾಕಿಸಿದಳು, ಮನೆಯ ಕಿಟಕಿಯ ಎದುರು, ಬಸ್ ನಿಲ್ದಾಣದ ಪಕ್ಕ. ಕಾಯಿಲೆ ಬಿದ್ದ ಮೇಲೆ ಹಾಸಿಗೆಯಿಂದಲೇ ಅದರ ವರದಿ ಒಪ್ಪಿಸುವಳು. "ಎಡಗೈ ಚಿಗುರಿದೆ, ಬಲಗೈಗಿನ್ನೂ ಸೋಮಾರಿತನ." ಒಂದು ಚಳಿಗಾಲ, ಮರ ಬೋಳಾಗಿದ್ದಾಗ, ಹೋಗಿಬಿಟ್ಟಳು. ಆಮೇಲೆ ಬೆಳಗಿನ ಚಹಾವನ್ನು ಅವನು ಆ ಕಿಟಕಿಯ ಬಳಿಯೇ ಕುಡಿಯುತ್ತಿದ್ದ. ಚಿಗುರಿದ ಸುದ್ದಿಯನ್ನು ಖಾಲಿ ಮಂಚಕ್ಕೆ ಹೇಳುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ವರ್ಷದ ನಂತರ ಬಿರುಗಾಳಿಯೊಂದು ಬೀಸಿತು. ಮರುದಿನ ನರ್ಸರಿಯ ಸಾಹೇಬರು ಆ ಮರ ಪರೀಕ್ಷಿಸಲು ಅವನನ್ನೇ ಕರೆದುಕೊಂಡು ಬಂದರು. ಅವನು ಏಣಿ ಹತ್ತಿದ. ಅಂದು ಕವಲಿಗೆ ಹಿಡಿಸದ ಹೆಬ್ಬೆರಳು ಈಗ ಬಿರುಕಿನೊಳಗೆ ಸಲೀಸಾಗಿ ಇಳಿಯಿತು. ಕೆಳಗೆ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. ಗಟ್ಟಿಯಿದೆ ಎಂದು ಒಂದು ಸುಳ್ಳು ಹೇಳಿದರೆ ಮರ ಇನ್ನೊಂದು ಚಿಗುರು ಕಾಣುತ್ತಿತ್ತು. ಅವನು ಆ ಮಕ್ಕಳನ್ನು ನೋಡಿದ. ಇಳಿದು ಬಂದು, ತೆಗೆಯಲೇಬೇಕು ಅಂದ.

"ಇಂಥದ್ದನ್ನ ಪಾಸ್ ಮಾಡಿದ್ಯಾರು?" ಸಾಹೇಬರು ಕೇಳಿದರು.

"ನಾನೇ ಸಾರ್. ಅವತ್ತೇ ಒಂದನ್ನ ತೆಗೆದಿದ್ರೆ ಇನ್ನೊಂದು ಉಳೀತಿತ್ತು. ಮನಸ್ಸು ಬರ್ಲಿಲ್ಲ."

ಅವಳ ಮಾತೆತ್ತಲಿಲ್ಲ. ಸಾಹೇಬರ ಕೈಯಿಂದ ಕೆಂಪು ಪಟ್ಟಿ ತೆಗೆದುಕೊಂಡ. ಇಷ್ಟು ವರ್ಷ ಬಣ್ಣ ಕೂಗಿದವನೇ ಹೊರತು ಒಮ್ಮೆಯೂ ಕಟ್ಟಿದವನಲ್ಲ. ಗಂಟು ಎರಡು ಸಲ ಜಾರಿತು.

"ಕೊಡಿ, ನಾನು ಕಟ್ತೀನಿ" ಅಂದರು ಸಾಹೇಬರು.

"ಬೇಡ ಸಾರ್" ಎಂದು ಅವನು ಮತ್ತೆ ಮೊದಲಿಂದ ಸುತ್ತತೊಡಗಿದ.